ಗೂಳಪ್ಪ ಚಪ್ಪಲಿ ಬಿಟ್ಟು ಕಾರು ಹತ್ತಿದ್ದು

ಬದುಕಿರುವ ಮನುಷ್ಯನೊಬ್ಬನನ್ನು ನವೀನ ನಲವತ್ತು ಸೆಕೆಂಡಿನ ವಿಡಿಯೋದಲ್ಲಿ ಸಾಯಿಸಿಬಿಟ್ಟಿದ್ದ. ಬೇಕೆಂದು ಸಾಯಿಸಿದ್ದಲ್ಲ. ಗೌರವ ಸ್ವಲ್ಪ ಹೆಚ್ಚಾಗಿ ಹಾಗಾಯಿತು.

ಜಮಖಂಡಿಯ ಎಲೆಕ್ಟ್ರಿಕ್ ಕಾರಿನ ಶೋರೂಮಿನಲ್ಲಿ ಅವನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಕಾರು ಮಾರುವುದು ಅರ್ಧ ಕೆಲಸ, ಕಾರಿನ ವಿಡಿಯೋ ಮಾಡಿ ಹಾಕುವುದು ಇನ್ನರ್ಧ. 'ಖರೇ ರಿವ್ಯೂ' ಎಂದು ಚಾನೆಲ್ಲಿಗೆ ತಾನೇ ಹೆಸರಿಟ್ಟಿದ್ದ. ಹೊಸ ಗಾಡಿಯ ಮುಂದೆ ನಿಂತು ಕೈ ಬೀಸಿ ಮಾತಾಡುವುದು, ಯಾವ ಕಂಪನಿ ಬೆಲೆ ಇಳಿಸಿತು, ಯಾವುದು ಬ್ಯಾಟರಿಯ ಗ್ಯಾರಂಟಿ ಹೆಚ್ಚಿಸಿತು ಎಂದು ವಾರಕ್ಕೊಮ್ಮೆ ಸುದ್ದಿ ಹೇಳುವುದು. ಇಷ್ಟೆಲ್ಲ ಹೇಳುವ ಮನುಷ್ಯ ಮಾತ್ರ ದಿನಾ ಸಾವಳಗಿಯಿಂದ ಅಪ್ಪನ ಹಳೆಯ ಪೆಟ್ರೋಲ್ ಬೈಕಿನ ಮೇಲೆ ಬರುತ್ತಿದ್ದ. ಬೈಕನ್ನು ಶೋರೂಮಿನ ಹಿಂದಿನ ಗೋಡೆಗೆ ಆನಿಸಿ, ಹೊಗೆಯ ವಾಸನೆ ಹೋಗಲೆಂದು ಅಂಗಿಗೆ ಸೆಂಟು ಹೊಡೆದುಕೊಂಡು, ಸುತ್ತು ಹಾಕಿ ಮುಂಬಾಗಿಲಿನಿಂದ ಒಳಗೆ ಬಂದು ಮೊದಲ ಗಿರಾಕಿಗೆ "ಪೆಟ್ರೋಲಿನ ಕಾಲ ಮುಗೀತ್ರಿ" ಎನ್ನುತ್ತಿದ್ದ.

ಒಂದು ಅಮಾವಾಸ್ಯೆಯ ದಿನ, ಮಗ್ಗಗಳಿಗೆ ರಜೆಯಿದೆ, ಜನ ಬಿಡುವಾಗಿರುತ್ತಾರೆ ಎಂದು ಮ್ಯಾನೇಜರ್ ಅಜಿತ ಸರ್ ಅವನನ್ನು ಕಾರು ಸಮೇತ ಬನಹಟ್ಟಿಗೆ ಕಳಿಸಿದರು. ಬಾಗಿಲು ತೆರೆದಿಟ್ಟುಕೊಂಡು ನಿಂತಿದ್ದಾಗ ಅರವತ್ತು ದಾಟಿದ ಒಬ್ಬ ಹಿರಿಯ ಬಂದ. ಬಿಳಿ ಪಾಯಜಾಮ, ಗಾಂಧಿ ಟೋಪಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಸಣ್ಣ ಕಬ್ಬಿಣದ ಕೊಕ್ಕೆ. ಕಾರಿನ ಹತ್ತಿರ ಚಪ್ಪಲಿ ಬಿಟ್ಟ. ಒಳಗೆ ಕೂತು ಎರಡೂ ಪಾದ ನೆಲಕ್ಕೆ ಒತ್ತಿದ, ಎದುರಿನ ಹಲಗೆಯ ಮೇಲೆ ಅಂಗೈ ಇಟ್ಟ, ಕಣ್ಣು ಮುಚ್ಚಿದ. ಒಂದು ನಿಮಿಷ, ಎರಡು ನಿಮಿಷ. ನವೀನ ಭಕ್ತಿಯಿಂದ ಮೊಬೈಲು ತೆಗೆದ.

ಕಡೆಗೆ ಆ ಹಿರಿಯ ಕಣ್ಣು ತೆರೆದು "ಹೂಂ, ಚಾಲೂ ಮಾಡು" ಅಂದ.

"ಚಾಲೂನ ಐತ್ರಿ," ಅಂದ ನವೀನ.

ಈ ಕೊನೆಯ ಎರಡು ಮಾತು ಭಾವಕ್ಕೆ ಅಡ್ಡಿಯಾಗುತ್ತವೆಂದು ಅವನು ಕತ್ತರಿಸಿ ಹಾಕಿದ. ಹಿಂದೆ ಶಹನಾಯಿ ಸೇರಿಸಿದ. ಪರದೆಯ ಮೇಲಿಂದ ಹೂವಿನ ಎಸಳು ಉದುರುವಂತೆ ಮಾಡಿದ. ಕೆಳಗೆ 'ಯಂತ್ರದಲ್ಲೂ ದೇವರ ಕಂಡ ಹಿರಿಯ ಜೀವಕ್ಕೆ ನಮನ' ಎಂದು ಬರೆದ. ಎಂಬತ್ತು ಸಾವಿರ ಜನ ನೋಡಿದರು. ಅಜಿತ ಸರ್ ಮೊದಲ ಸಲ ಅವನ ಬೆನ್ನು ಚಪ್ಪರಿಸಿದರು.

ಮೂರನೆಯ ದಿನ ಫೋನು ಬಂತು.

"ನೀನ ಏನೋ ನವೀನ ಅನ್ನಾಂವ?"

"ಹೌದ್ರಿ ಅಮ್ಮಾರ. ಯಾವ ಗಾಡಿ ನೋಡಬೇಕಿತ್ರಿ?"

"ನಮ್ಮ ಗಾಡಿ ನಾವು ನೋಡ್ಕೋತೀವಿ. ಹೂ ಉದರಿಸಿ, ನಮನ ಅಂತ ಬರದು ನನ್ನ ಗಂಡನ್ನ ಸಾಯಿಸಿಯಲ್ಲೋ, ಎದಕ್ಕ ಸಾಯಿಸಿದಿ ಅದನ್ನಷ್ಟ ಹೇಳು. ಇಚಲಕರಂಜಿಯಿಂದ ನಮ್ಮ ನಾದಿನಿ ರಾತ್ರಿ ಬಸ್ಸಿಗಿ ಅಳಕೋಂತ ಬಂದಾಳ. ಬಾಗಲಾಗ ನಿಂತು ನೋಡತಾಳ, ಅಣ್ಣ ಒಳಗ ಕುಂತು ರೊಟ್ಟಿ ತಿನ್ನಾಕತ್ತಾನ. ಅಕಿಗಿ ನಾನು ನೀರು ಹೊಡದು ಎಬ್ಬಿಸೇನಿ!"

ಹೀಗೆ ನವೀನನಿಗೆ ಗೂಳಪ್ಪನ ಹೆಂಡತಿ ಶೇವಂತಿಯ ಪರಿಚಯವಾಯಿತು.

ಕ್ಷಮೆ ಕೇಳಲು ಒಂದು ಕಿಲೋ ಪೇಢೆ ಹಿಡಿದು ಬನಹಟ್ಟಿಗೆ ಹೋದ. ಶೇವಂತಿ ಮನೆಯ ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ನಿಲ್ಲಿಸದೆಯೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ದೇವರ ಕಂಡ ಅಂತ ಬರದಿ. ಖರೇ ದೇವರ ಮುಂದ ಕುಂದರಿಸಿದ್ರ ಅವರಿಗಿ ನಿದ್ದಿ ಬರತೈತಿ. ಅವತ್ತ ನಿನ್ನ ಗಾಡಿ ಚಾಲೂ ಆಗೂದನ್ನ ಕಾಯಾಕತ್ತಿದ್ರು, ತಿಳೀತಿಲ್ಲ?"

"ಚಪ್ಪಲಿ ಯಾಕ ಬಿಟ್ರಿ ಮತ್ತ?"

"ಕಿವಿ ಇಲ್ಲದಾಂವ ಕಾಲಿಲೇನ ಕೇಳಬೇಕಲ್ಲೋ ತಮ್ಮಾ. ಹೋಗು, ಶೆಡ್ಡಿನ್ಯಾಗ ಅದಾರು, ನೋಡು ಹೋಗು."

ಶೆಡ್ಡು ಮನೆಯ ಹಿಂದೆಯೇ ಇತ್ತು. ಹದಿನಾರು ಪವರ್‌ಲೂಮುಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಬಾಗಿಲು ದಾಟಿದ ಕೂಡಲೇ ನವೀನನಿಗೆ ತನ್ನ ತಲೆಯೊಳಗಿನ ವಿಚಾರವೂ ಕೇಳಿಸದಂತಾಯಿತು. ಸೌಂಡು, ಪಿಕಪ್ಪು ಎಂದೆಲ್ಲ ವಿಡಿಯೋದಲ್ಲಿ ತೂಗಿ ಮಾತಾಡುವ ಅವನು ಅಲ್ಲಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತ. ಅಲ್ಲಿನವರಿಗೆ ಬೆರಳು ಬೇಕಿರಲಿಲ್ಲ. ಆ ಮೂಲೆಯಿಂದ ಒಬ್ಬ ತುಟಿ ಅಲ್ಲಾಡಿಸಿದರೆ ಈ ಮೂಲೆಯಲ್ಲಿದ್ದವ ನಗುತ್ತಿದ್ದ. ತುಟಿಯಲ್ಲೇ ಚೇಷ್ಟೆ, ತುಟಿಯಲ್ಲೇ ಬೈಗುಳ, ತುಟಿಯಲ್ಲೇ ಚಹಾ ತರಲು ಹೇಳುವುದು. ನವೀನನನ್ನು ನೋಡಿ ಒಬ್ಬ ಏನೋ ಅಂದ, ಹದಿನಾರು ಮಗ್ಗದವರೂ ನಕ್ಕರು. ಏನಂದನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದಿದ್ದದ್ದೇ ಚೆನ್ನ.

ಗೂಳಪ್ಪ ಆ ಶೆಡ್ಡಿನ, ಅಕ್ಕಪಕ್ಕದ ಇನ್ನೂ ಹತ್ತು ಶೆಡ್ಡುಗಳ ಜಾಬರ್. ಮಗ್ಗ ಕೆಟ್ಟರೆ ಸರಿಮಾಡುವವನನ್ನು ಅಲ್ಲಿ ಹಾಗೆ ಕರೆಯುತ್ತಾರೆ. ರಬಕವಿಯಲ್ಲಿ ಅಪ್ಪನ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬೆಳೆದವ. ಹದಿನಾಲ್ಕಕ್ಕೆ ಪವರ್‌ಲೂಮಿಗೆ ಬಂದ. ಇಪ್ಪತ್ತಕ್ಕೆ ಬೋಲ್ಟು ಬಿಗಿಯುವ ಪಾನಾ ಹಿಡಿದ. ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಗುಬ್ಬಿಯ ದನಿ ಹೋಯಿತು, ಆಮೇಲೆ ಹೊಸಿಲಾಚೆಯಿಂದ ಶೇವಂತಿ ಕರೆಯುವುದು ಹೋಯಿತು. ಬೇಕೆಂದೇ ಓಗೊಡುವುದಿಲ್ಲ ಎಂದು ಆಕೆ ಎರಡು ವರ್ಷ ಜಗಳವಾಡಿದಳಂತೆ. ಡಾಕ್ಟರು ನೋಡಿ ಹೇಳಿದ ಮೇಲೆ ಮನೆಗೆ ಬಂದು ಅವನೆದುರು ಕೂತು, ತುಟಿ ಅಗಲಿಸಿ, ಎರಡು ವರ್ಷದಲ್ಲಿ ಬೈದದ್ದನ್ನೆಲ್ಲ ಮೊದಲಿಂದ ಇನ್ನೊಮ್ಮೆ ಬೈದಳಂತೆ. ಕೇಳದೆ ಉಳಿದದ್ದು ಏನೂ ಇರಬಾರದಲ್ಲ.

ಕೆಲಸ ಮಾತ್ರ ಕೆಡಲಿಲ್ಲ. ಕಿವಿ ಬಿಟ್ಟ ಜಾಗಕ್ಕೆ ಅಂಗಾಲು ಬಂತು. ನವೀನ ನೋಡುತ್ತ ನಿಂತಿದ್ದಾಗಲೇ ಗೂಳಪ್ಪ ಬರಿಗಾಲಲ್ಲಿ ನಡೆಯುತ್ತ ಏಳನೆಯ ಮಗ್ಗದ ಹತ್ತಿರ ನಿಂತ. ಎಡಗಾಲಿನ ಹೆಬ್ಬೆರಳು ಒತ್ತಿದ, ಚೌಕಟ್ಟಿನ ಮೇಲೆ ಅಂಗೈ ಇಟ್ಟ, ಮಗ್ಗ ನಿಲ್ಲಿಸಿದ, ಕೆಳಗೆ ಕೈ ಹಾಕಿ ಒಂದು ಬೋಲ್ಟನ್ನು ಅರ್ಧ ಸುತ್ತು ಬಿಗಿದ. ನೇಯುತ್ತಿದ್ದವನಿಗೆ ಆ ಬೋಲ್ಟು ಸಡಿಲವಾಗಿದ್ದು ಗೊತ್ತೇ ಇರಲಿಲ್ಲ.

ಹೊರಗೆ ಬಂದ ಮೇಲೆ ನವೀನ ಎದುರು ನಿಂತು ಕೈಮುಗಿದ. ಗೂಳಪ್ಪ ಅವನ ತುಟಿಯನ್ನೇ ನೋಡಿದ.

"ತಪ್ಪಾತ್ರಿ ಕಾಕಾರ. ಇವತ್ತ ತೆಗದ ಹಾಕ್ತೀನಿ."

"ತೆಗಿ," ಗೂಳಪ್ಪ ಎಂದಿನಂತೆ ಊರಿಗೆಲ್ಲ ಕೇಳುವ ಹಾಗೆ ಅಂದ. "ತೆಗದ್ರ ಆತೇನು? ಸತ್ತ ಅಂತ ಎಂಬತ್ತು ಸಾವಿರ ಮಂದಿಗಿ ಹೇಳಿದಿ. ಬದಕ್ಯಾನ ಅಂತ ಯಾರು ಹೇಳೂಂವಾ?"

"ಅದನ್ನೂ ಹಾಕ್ತೀನ್ರಿ."

"ಶಹನಾಯಿ ಬ್ಯಾಡ."

ಹಾಕುತ್ತೇನೆಂದು ಹೇಳಿ ಬಂದವ ಹಾಕಲಿಲ್ಲ. ಅದಕ್ಕೆ ಕಾರಣ ಲಿಮಯೆ ಸರ್.

ವಾಸುದೇವ ಲಿಮಯೆ ಜಮಖಂಡಿಯವರು, ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಆ ಹೊತ್ತಿಗೆ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ ಇಳಿದು, ನವೀನನ ಶೋರೂಮಿನಲ್ಲಿ ನೊಣಗಳು ಕೂಡ ಎದುರಿನ ಶೋರೂಮಿಗೆ ಹೋಗತೊಡಗಿದ್ದವು. ಅಂಥ ವೇಳೆಯಲ್ಲಿ ಲಿಮಯೆ ಸರ್ ದೇವರಂತೆ ಬಂದರು. ದೇವರು ಬಹಳ ಮಾತಾಡುತ್ತಿದ್ದರು ಅಷ್ಟೇ. ಮರಾಠಿ, ಕನ್ನಡ, ಹಿಂದಿ, ಮೂರೂ ಭಾಷೆಯ ರಿವ್ಯೂ ನೋಡಿದ್ದರು. ಬ್ಯಾಟರಿಯ ರಸಾಯನದಿಂದ ಹಿಡಿದು ಚೀನಾದಿಂದ ಮೋಟಾರಿನ ಅಯಸ್ಕಾಂತ ಬರುವುದು ತಡವಾಗುತ್ತಿದೆ ಎಂಬ ಪೇಪರಿನ ಸುದ್ದಿಯವರೆಗೆ ಎಲ್ಲವನ್ನೂ ನವೀನನಿಗೇ ಕಲಿಸಿಕೊಟ್ಟರು. ಕೊನೆಗೆ ಅವರನ್ನು ಒಪ್ಪಿಸಿದ್ದು ನವೀನನ ಒಂದು ವಿಡಿಯೋ. ಅದರಲ್ಲಿ ಅವನು ಎದೆ ತಟ್ಟಿಕೊಂಡು "ಈ ಗಾಡ್ಯಾಗ ಒಂದ ಒಂದು ಸಪ್ಪಳ ಕೇಳಿಸಿದ್ರ ನನ್ನ ಹೆಸರ ಬದಲಿ ಮಾಡ್ರಿ" ಎಂದಿದ್ದ.

ಕಾರು ಕೊಡುವ ದಿನದ ಪೂಜೆಯನ್ನೂ ಅವನೇ ವಿಡಿಯೋ ಮಾಡಿದ. ಭಟ್ಟರು ಎಲೆಯ ಜೊತೆ ಐದು ಅಡಿಕೆಯನ್ನು ತಟ್ಟೆಯಲ್ಲಿ ಇಟ್ಟಿದ್ದರು. ನವೀನ ಅವನ್ನು ತೆಗೆದು, ಚಂದ ಕಾಣುತ್ತದೆಂದು ಬಾನೆಟ್ಟಿನ ಮೇಲೆ ಮುಂದಿನ ಗಾಜಿನ ಬುಡದಲ್ಲಿ ಸಾಲಾಗಿ ಜೋಡಿಸಿದ. ಗಾಲಿ ನಿಂಬೆಹಣ್ಣು ಒಡೆಯುವುದು ಸರಿಯಾಗಿ ಬರಲಿಲ್ಲವೆಂದು ಮೂರು ಸಲ ಗಾಡಿ ಮುಂದೆ ಬಿಡಿಸಿದ. ಮೂರನೆಯ ಸಲ ಗಾಡಿ ಜಗ್ಗಿ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಲಿಮಯೆ ಸರ್ ಅವರ ಹೆಂಡತಿ ಕುಮುದಿನಿ ಬಾಯಿ ಬಗ್ಗಿ ಆರಿಸತೊಡಗಿದಾಗ "ಇರ್ಲಿ ಬಿಡ್ರಿ, ವಿಡಿಯೋ ಛಲೋ ಬಂತು" ಅಂದಿದ್ದ.

ಐದನೆಯ ದಿನ ಲಿಮಯೆ ಸರ್ ಶೋರೂಮಿನ ಮೆಟ್ಟಿಲು ಹತ್ತಿದರು. ಕೈಯಲ್ಲಿ ಡೈರಿ.

"ಏನಂತ ಹೆಸರು ಇಡೋಣಪಾ?"

"ಯಾರಿಗ್ರಿ ಸರ್?"

"ನಿನಗ. ಸಪ್ಪಳ ಬರ್ಲಿಕ್ಕತ್ತದ. ಟಕ್ ಅಂತದ, ಸುಮ್ಮನಾಗ್ತದ, ಮತ್ತ ಟಕ್ ಅಂತದ. ಹೊಸ ಹೆಸರು ಸಿಗೂತನಕ ನಿನಗ ಅನಾಮಧೇಯ ಅಂತ ಕರೀತೀನಿ."

ಕರೆದೇ ಬಿಟ್ಟರು. ಆ ದಿನದಿಂದ ಫೋನು ಎತ್ತಿದರೆ "ಏ ಅನಾಮಧೇಯ." ಶೋರೂಮಿನ ಉಳಿದವರಿಗೂ ಅದು ಬಾಯಿಗೆ ಹತ್ತಿತು. ಚಹಾದ ಅಂಗಡಿಯವನೂ "ಅನಾಮಧೇಯಗ ಒಂದು ಕಟ್ಟಿಂಗ್" ಎನ್ನತೊಡಗಿದ.

ಕಂಪನಿಯಿಂದ ಮೆಕ್ಯಾನಿಕ್ ಬಂದ. ಲ್ಯಾಪ್‌ಟಾಪು ಜೋಡಿಸಿದ. ಪರದೆಯ ಮೇಲೆ ಎಲ್ಲವೂ ಹಸಿರು. ಗಾಲಿ ಬಿಚ್ಚಿ ನೋಡಿದ, ಬಾನೆಟ್ ಎತ್ತಿ ನೋಡಿದ, ನೆಟ್ಟಗಿನ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಹೊಡೆದು ನೋಡಿದ. ಏನೂ ಕೇಳಲಿಲ್ಲ. ಅವನು ಹೋದ ಮೇಲೆ ಲಿಮಯೆ ಸರ್ ಮನೆಯ ತನಕ ಹೋಗುವಷ್ಟರಲ್ಲಿ ಮೂರು ಸಲ ಟಕ್ ಅಂತು. ಪೆಟ್ರೋಲ್ ಗಾಡಿಯಾಗಿದ್ದರೆ ಎಂಜಿನ್ನಿನ ಗದ್ದಲದಲ್ಲಿ ಅದು ಎಲ್ಲೋ ಮುಚ್ಚಿ ಹೋಗುತ್ತಿತ್ತು. ಇಲ್ಲಿ ಮುಚ್ಚಲು ಬೇರೆ ಸಪ್ಪಳವೇ ಇರಲಿಲ್ಲ. ಮೌನವನ್ನು ಮಾರಿದವನ ಹಣೆಬರಹ ಅದು.

"ಅಯಸ್ಕಾಂತ ಒಡದದ," ಎಂದರು ಲಿಮಯೆ ಸರ್. "ಚೀನಾದ್ದು ಬರ್ಲಿಲ್ಲ, ಇವರು ಇಲ್ಲಿದು ಏನೋ ಅಂಟಿಸ್ಯಾರ. ಶನಿವಾರತನಕ ನೋಡ್ತೀನಿ. ಆಮ್ಯಾಲೆ ಗಾಡಿ ನಿಮ್ಮ ಬಾಗಿಲಾಗ ನಿಲ್ಲಿಸಿ, ಇದ್ದದ್ದು ಇದ್ದ್ಹಾಂಗ ನಾನೂ ಒಂದು ವಿಡಿಯೋ ಮಾಡ್ತೀನಿ."

ಅಜಿತ ಸರ್ ನವೀನನನ್ನು ಒಳಗೆ ಕರೆದರು. ಬೈಯಲಿಲ್ಲ, ಅದೇ ಹೆದರಿಕೆಯಾಯಿತು. "ಗಾಡಿ ವಾಪಸ್ ಬಂತಂದ್ರ ಅದನ್ನ ಒಳಗ ತಗೊಂಡು ನಿನ್ನ ಹೊರಗ ಕಳಸೂದಾಗ್ತದ ನೋಡು. ಎದಿ ತಟ್ಟಿದಾಂವ ನೀನು, ಕಂಪನಿ ಅಲ್ಲ."

ಆ ದಿನ ಬುಧವಾರ. ಕೆಲಸ ಹೋದರೆ ನವೀನನಿಗೆ ಏನು ಕಾದಿದೆ ಎಂಬುದರಲ್ಲಿ ಗುಟ್ಟಿರಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು. ಸೋದರಮಾವ ಬಾಡಗಂಡಿಯ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿಗೆ ಡ್ರೈವರನನ್ನು ಹುಡುಕುತ್ತಿದ್ದ. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಆ ಮಾವ ಪ್ರತಿ ಹಬ್ಬದಲ್ಲೂ "ಏನಪಾ, ನಿನ್ನ ಬ್ಯಾಟರಿ ಇನ್ನೂ ಇಳದಿಲ್ಲೇನು?" ಎಂದು ಕೇಳುವವ. ಇಳಿಯಿತು ಎಂದು ಹೇಳಲು ನವೀನನ ನಾಲಗೆ ಏಳುವಂತಿರಲಿಲ್ಲ.

ಗುರುವಾರ ಚಹಾ ಕುಡಿಯುತ್ತ ಲಿಮಯೆ ಸರ್ ಅವರ ಮಾತನ್ನು ನೆನೆಯುತ್ತಿದ್ದಾಗ ಏಳನೆಯ ಮಗ್ಗದ ಬೋಲ್ಟು ನೆನಪಾಯಿತು. ಸಪ್ಪಳ ಹುಡುಕಲು ಕಿವಿ ಕೇಳದವನನ್ನು ಕರೆತರುವುದು. ಅಜಿತ ಸರ್‌ಗೆ ಹೇಳಿದರೆ ಶನಿವಾರದ ತನಕವೂ ಕಾಯಲಾರರು. ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪನ ಬೈಕು ಬನಹಟ್ಟಿಯ ಹಾದಿ ಹಿಡಿಯಿತು. ಶೇವಂತಿ ಬಾಗಿಲಲ್ಲೇ ತಡೆದಳು.

"ಬದಕ್ಯಾನ ಅನ್ನೂ ವಿಡಿಯೋ ಎಲ್ಲಿ?"

ನವೀನ ಇದ್ದದ್ದನ್ನೆಲ್ಲ ಹೇಳಿದ. ಅನಾಮಧೇಯನಾದದ್ದನ್ನೂ ಹೇಳಿದ. ಶೇವಂತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಗೂಳಪ್ಪನ ಎದುರು ನಿಂತು ತುಟಿಯಲ್ಲೇ, ದನಿಯಿಲ್ಲದೆ, ಉದ್ದಕ್ಕೆ ಏನೋ ಹೇಳಿದಳು. ಗೂಳಪ್ಪ ಪೂರ್ತಿ ಕೇಳಿ, ಅಂದರೆ ನೋಡಿ, ಟೋಪಿ ಹಾಕಿಕೊಂಡ.

"ಏನಂದ್ರಿ ಕಾಕಿ?"

"ಹುಡುಗಗ ಬುದ್ಧಿ ಕಡಿಮಿ ಐತಿ, ಮನಸ್ಸು ಕೆಟ್ಟಿಲ್ಲ, ಹೋಗಿ ಬರ್ರಿ ಅಂದ್ನಿ."

ಜಮಖಂಡಿಯಲ್ಲಿ ಲಿಮಯೆ ಸರ್ ತಮ್ಮ ಮನೆಯ ಅಂಗಳದಲ್ಲಿ ತಯಾರಾಗಿ ನಿಂತಿದ್ದರು, ಶೋರೂಮಿಗೆ ಕಾರು ಬಿಡಲು. ಬೈಕಿನ ಹಿಂದಿನ ಸೀಟಿನಿಂದ ಇಳಿದ ಗೂಳಪ್ಪನನ್ನು ನೋಡಿದರು, ಜೇಬಿನ ಕೊಕ್ಕೆ ನೋಡಿದರು.

"ಇವರು ಯಾರು? ಎಂಜಿನಿಯರ್ರು?"

"ಮಗ್ಗದ ಜಾಬರ್ ಇದ್ದಾರ್ರಿ ಸರ್. ಕಿವಿ ಸ್ವಲ್ಪ... ಎದುರಿಗಿ ನಿಂತು ಮಾತಾಡಿದ್ರ ತಿಳೀತದ್ರಿ."

ಲಿಮಯೆ ಸರ್ ಆಕಾಶ ನೋಡಿದರು. "ವಾ! ಕುಮುದಿನೀ, ಬಾ ಇಲ್ಲೆ. ಗಾಡ್ಯಾಗಿನ ಸಪ್ಪಳ ಕೇಳ್ಲಿಕ್ಕೆ ಅನಾಮಧೇಯ ಕಿವುಡರನ್ನ ಕರಕೊಂಡು ಬಂದಾನ."

ಗೂಳಪ್ಪ ಅವರ ತುಟಿಯನ್ನು ಕೊನೆಯ ಅಕ್ಷರದ ತನಕ ನೋಡಿದ. ಚಪ್ಪಲಿಯನ್ನು ತುಳಸಿಕಟ್ಟೆಯಿಂದ ದೂರ ಬಿಟ್ಟು, ಹೋಗಿ ಮುಂದಿನ ಎಡ ಸೀಟಿನಲ್ಲಿ ಕೂತ. ಕುಮುದಿನಿ ಬಾಯಿ ಗಂಡನಿಗೆ ಮರಾಠಿಯಲ್ಲಿ ಮೆಲ್ಲಗೆ ಏನೋ ಗದರಿ, ತಾವೂ ಹಿಂದೆ ಹತ್ತಿದರು.

ಕಾರು ಮುಧೋಳದ ಹಾದಿಗೆ ಬಂತು. ಗೂಳಪ್ಪ ಎರಡೂ ಪಾದ ನೆಲಕ್ಕೆ ಒತ್ತಿ, ಅಂಗೈ ಎದುರಿನ ಹಲಗೆಯ ಮೇಲಿಟ್ಟು, ಕಣ್ಣು ಮುಚ್ಚಿದ. ಈ ಸಲ ನವೀನ ಮೊಬೈಲು ತೆಗೆಯಲಿಲ್ಲ. ಲಿಮಯೆ ಸರ್ ಅವರ ಬಾಯಿ ಗಾಲಿಗಿಂತ ಮುಂದೆ ಓಡುತ್ತಿತ್ತು. "ಈಗ ಬರ್ತದ ನೋಡು... ಬರ್ಲಿಲ್ಲ... ನಿನ್ನೆ ಇಲ್ಲೇ ಬಂದಿತ್ತು. ನಾ ಹೇಳ್ತೀನಿ ಅಯಸ್ಕಾಂತದ್ದ ಅದು. ಮೊನ್ನೆ ಪೇಪರಿನ್ಯಾಗ ಏನು ಬರದಿದ್ದ ಗೊತ್ತದ ಏನು... ಹಾಂ! ಬಂತು! ಕೇಳಿಸ್ತ? ಟಕ್ ಅಂತು!"

ಗೂಳಪ್ಪ ಕಣ್ಣು ತೆರೆದ. "ವೇಗ ಹೆಚ್ಚು ಮಾಡ್ರಿ. ನೆಟ್ಟಗ ಹೊಡೀರಿ."

ಅರವತ್ತು, ಎಪ್ಪತ್ತು. ಏನೂ ಇಲ್ಲ.

"ತಿರಗೂ ಸಾಮಾನಲ್ಲ," ಎಂದ ಗೂಳಪ್ಪ, ಕಾರಿನೊಳಗಿನವರೆಲ್ಲ ಬೆಚ್ಚುವಷ್ಟು ಜೋರಾಗಿ. "ಗಾಲಿ ಅಲ್ಲ, ಮೋಟರ್ ಅಲ್ಲ. ಅವಾದ್ರ ವೇಗ ಹೆಚ್ಚಾದಂಗ ಬಡಿತಾನೂ ಹೆಚ್ಚಾಗತೈತಿ. ಇದು ತನಗ ಬೇಕಾದಾಗ ಬಡೀತೈತಿ. ಎಲ್ಲೆಲ್ಲಿ ಬಂದಿತ್ತ್ರೀ?"

ಕಾರು ಬದಿಗೆ ನಿಂತಿತು. ಲಿಮಯೆ ಸರ್ ಡೈರಿ ತೆಗೆದು ಕೊಟ್ಟರು. ಜಮೀನು ಅಳೆದು ಅಳೆದು ಆದ ಚಟ. ಪ್ರತಿ ಟಕ್ಕಿಗೂ ಜಾಗ ಬರೆದಿದ್ದರು. ನವೀನ ಒಂದೊಂದೇ ಓದಿ ಗೂಳಪ್ಪನ ಎದುರು ತುಟಿ ಆಡಿಸಿದ. ಬಸ್ ಸ್ಟ್ಯಾಂಡಿನ ತಿರುವು. ನೀರಿನ ಟಾಕಿಯ ತಿರುವು. ಗುಡಿಯ ಹಿಂದಿನ ಸಂದಿ. ಮನೆಯ ಗೇಟು. ಓದುತ್ತ ಓದುತ್ತ ಅವನಿಗೇ ತಿಳಿಯಿತು: ಹದಿನೆಂಟು ಜಾಗದಲ್ಲಿ ಒಂದೂ ನೆಟ್ಟಗಿನ ರಸ್ತೆಯಿರಲಿಲ್ಲ.

"ಬಯಲು ಐತೇನು ಹತ್ತರ?" ಕೇಳಿದ ಗೂಳಪ್ಪ.

ಕ್ರಿಕೆಟ್ ಆಡುವ ಒಂದು ಬಯಲಿಗೆ ಹೋದರು. "ಎಡಕ್ಕ ಹೊರಳಸ್ರಿ," ಎಂದ. ಟಕ್. "ಬಲಕ್ಕ." ಟಕ್. "ಮತ್ತ ಎಡಕ್ಕ." ಟಕ್. ಲಿಮಯೆ ಸರ್ ಪ್ರತಿ ಸಲವೂ "ಬಂತು! ಬಂತು!" ಎನ್ನುತ್ತಿದ್ದರು. ಗೂಳಪ್ಪ ಮಾತ್ರ ನಗತೊಡಗಿದ. ಆ ಮುಖದಲ್ಲಿ ನಗು ಇರುತ್ತದೆಂದು ನವೀನನಿಗೆ ಗೊತ್ತಿರಲಿಲ್ಲ.

"ಲಾಳಿ ಐತಿದು!"

"ಏನಂತ?" ಎಂದರು ಲಿಮಯೆ ಸರ್.

"ಮಗ್ಗದಾಗ ಲಾಳಿ ಈ ತುದಿಗಿ ಹೋಗಿ ಒಂದು ಹೊಡೀತೈತಿ, ಆ ತುದಿಗಿ ಹೋಗಿ ಒಂದು ಹೊಡೀತೈತಿ. ನೀವು ಎಡಕ್ಕ ಹೊರಳಿಸಿದ್ರ ಬಲಗಡೆ ಬಡೀತೈತಿ, ಬಲಕ್ಕ ಹೊರಳಿಸಿದ್ರ ಎಡಗಡೆ. ನಡುವ ಹಗೂರಕ ಉರುಳತೈತಿ, ಕೈಗಿ ಗೊತ್ತಾಗತೈತಿ. ಗಾಡಿ ಏನೂ ಕೆಟ್ಟಿಲ್ಲರಿ. ಗಾಡ್ಯಾಗ ಗಾಡೀದಲ್ಲದ್ದು ಏನೋ ಐತಿ. ಈ ಗಾಜಿನ ಬುಡಕ್ಕನ ಐತಿ."

ಗಾಜಿನ ಬುಡ ಎಂದಾಗ ನವೀನನಿಗೆ ಪೂಜೆಯ ದಿನ ನೆನಪಾಯಿತು.

ಗೂಳಪ್ಪ ಇಳಿದು ಬಾನೆಟ್ ತೆಗೆಸಿದ. ವೈಪರಿನ ಕೆಳಗೆ ಈ ಬದಿಯಿಂದ ಆ ಬದಿಗೆ ಉದ್ದಕ್ಕೆ ಪ್ಲಾಸ್ಟಿಕ್ಕಿನ ಜಾಲರಿ, ಅದರ ಕೆಳಗೆ ಮಳೆನೀರು ಹರಿಯುವ ಕಾಲುವೆ. ಎರಡೂ ಮೂಲೆಯಲ್ಲಿ ಎರಡು ಬೆರಳಿನ ಸಂದು. ಗೂಳಪ್ಪ ಬಾನೆಟ್ ಮುಚ್ಚಿಸಿ, ಲಿಮಯೆ ಸರ್‌ಗೆ ಗಾಡಿಯನ್ನು ಎಡಕ್ಕೆ ಹೊರಳಿಸಿ ಗಕ್ಕನೆ ನಿಲ್ಲಿಸಲು ಹೇಳಿದ. ಮತ್ತೆ ಬಾನೆಟ್ ಎತ್ತಿಸಿ, ಬಲಬದಿಯ ಸಂದಿಗೆ ಜೇಬಿನ ಕೊಕ್ಕೆ ಇಳಿಬಿಟ್ಟ. ಮಗ್ಗದಲ್ಲಿ ಕಡಿದ ಎಳೆಯನ್ನು ಹಿಡಿದು ಎಳೆಯುವ ಕೊಕ್ಕೆ ಅದು. ಎರಡು ಸಲ ತಪ್ಪಿತು. ಮೂರನೆಯ ಸಲ ಕೊಕ್ಕೆಯ ತುದಿಯಲ್ಲಿ ತಳ್ಳಿಕೊಂಡು, ಬೆರಳಿನಲ್ಲಿ ಚಿವುಟಿ ಹೊರಗೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

ಒಂದು ಅಡಿಕೆ. ಅದಕ್ಕೆ ಇನ್ನೂ ಕುಂಕುಮ ಹತ್ತಿತ್ತು.

ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಕುಮುದಿನಿ ಬಾಯಿ ಅಂದರು. "ಅಹೋ, ಅವತ್ತ ನಾ ನಾಲ್ಕ ಆರಿಸಿದ್ದೆ. ಐದನೇದ್ದು ಇದು."

ಲಿಮಯೆ ಸರ್ ಅಡಿಕೆ ನೋಡಿದರು, ನವೀನನನ್ನು ನೋಡಿದರು. ಅಯಸ್ಕಾಂತ, ಚೀನಾ, ಲ್ಯಾಪ್‌ಟಾಪು, ಹದಿನೆಂಟು ಜಾಗ. ನವೀನನಿಗೆ ನೆಲ ಬಿರಿದರೆ ಸಾಕೆನಿಸಿತು. ಬಾಯಿಂದ ಮಾತ್ರ ಖರೇ ಬಂತು.

"ಗಾಜಿನ ಬುಡಕ್ಕ ಇಟ್ಟಾಂವ ನಾನ ಇದ್ದೀನ್ರಿ ಸರ್. ವಿಡಿಯೋ ಚಂದ ಬರ್ಲಿ ಅಂತ."

ಬೈಗುಳಕ್ಕೆ ಹೆಗಲು ಕೊಟ್ಟು ನಿಂತ. ಲಿಮಯೆ ಸರ್ ಏನೂ ಅನ್ನದೆ ಕಾರು ಹತ್ತಿದರು. ಎಲ್ಲರೂ ಹತ್ತಿದರು. ಬಯಲಿನಲ್ಲಿ ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು. ಆಮೇಲೆ ರಸ್ತೆ. ಗುಡಿಯ ಹಿಂದಿನ ಸಂದಿ ಬಂತು, ಹೋಯಿತು. ನೀರಿನ ಟಾಕಿಯ ತಿರುವು ಬಂತು, ಹೋಯಿತು. ಬಸ್ ಸ್ಟ್ಯಾಂಡಿನ ತಿರುವು ಬಂತು, ಹೋಯಿತು. ಲಿಮಯೆ ಸರ್ ತಲೆ ಒಂದು ಕಡೆ ವಾಲಿಸಿ, ತುಟಿ ಬಿಗಿದು, ಕಿವಿಯೇ ತಾವಾಗಿ ಗಾಡಿ ಹೊಡೆಯುತ್ತಿದ್ದರು. ಕಾರಿನೊಳಗೆ ಕುಮುದಿನಿ ಬಾಯಿಯ ಬಳೆಯೊಂದೇ ಆಗಾಗ ಕೇಳುತ್ತಿತ್ತು. ಕಡೆಯದಾಗಿ ಮನೆಯ ಗೇಟು. ಅದನ್ನೂ ದಾಟಿ ಕಾರು ಅಂಗಳದಲ್ಲಿ ನಿಂತಿತು.

ಗೂಳಪ್ಪ ಕೆಳಗಿಳಿದು, ತುಳಸಿಕಟ್ಟೆಯ ಆಚೆ ಹೋಗಿ ಚಪ್ಪಲಿ ಮೆಟ್ಟಿದ.

"ಆತು," ಎಂದ.

ನವೀನ ಮನೆಯ ಕಟ್ಟೆಯ ಅಂಚಿಗೆ ಕೂತುಬಿಟ್ಟ. ಮಾವನ ಟ್ರ್ಯಾಕ್ಟರು ಕಣ್ಣ ಮುಂದಿನಿಂದ ಮೆಲ್ಲಗೆ ಹಿಂದೆ ಹಿಂದೆ ಸರಿದು ಬಾಡಗಂಡಿಯ ಕಡೆಗೆ ಹೊರಟುಹೋಯಿತು. ಎದೆಯ ಮೇಲೆ ಬುಧವಾರದಿಂದ ಕೂತಿದ್ದ ಕಬ್ಬಿನ ಹೊರೆಯೂ ಅದರ ಜೊತೆಗೇ ಹೋಯಿತು. ಅಜಿತ ಸರ್‌ಗೆ 'ಗಾಡಿ ಬರಂಗಿಲ್ರಿ' ಎಂದು ಮೆಸೇಜು ಕಳಿಸಿದ.

ಲಿಮಯೆ ಸರ್ ಡೈರಿ ತೆಗೆದು, ಅಂದಿನ ತಾರೀಕಿನ ಕೆಳಗೆ ಒಂದು ಗೆರೆ ಎಳೆದು ಮುಚ್ಚಿದರು. ಆಮೇಲೆ ಅವನ ಕಡೆ ತಿರುಗಿದರು.

"ನವೀನ, ಒಳಗ ಬಾ. ಚಹಾ ಕುಡದ ಹೋಗು. ಅವರನ್ನೂ ಕರಿ."

ಹತ್ತು ದಿನವಾಗಿತ್ತು ತನ್ನ ಹೆಸರು ಕೇಳಿ. ಇಷ್ಟು ಚಂದದ ಹೆಸರು ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಗೂಳಪ್ಪ ಪಡಸಾಲೆಯ ಕುರ್ಚಿಯಲ್ಲಿ ಕೂತು ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದ. "ಏನು ಕೊಡೂದು ಹೇಳ್ರಿ" ಎಂದು ಲಿಮಯೆ ಸರ್ ಎದುರು ಬಂದು ಕೇಳಿದ್ದಕ್ಕೆ ತಲೆಯಾಡಿಸಿ, ನವೀನನ ಕಡೆ ಬೆರಳು ತೋರಿಸಿದ.

"ಇಂವಾ ಕೊಡೂದೈತಿ ನನಗ. ವಿಡಿಯೋ."

ನವೀನ ಮೊಬೈಲು ತೆಗೆದ. ಶಹನಾಯಿ ಇಲ್ಲ, ಹೂವಿನ ಎಸಳಿಲ್ಲ. ಗೂಳಪ್ಪ ಬಸಿ ಕೆಳಗಿಟ್ಟು, ಟೋಪಿ ಸರಿಮಾಡಿಕೊಂಡು, ಇಚಲಕರಂಜಿಗೆ ಮೊಬೈಲಿಲ್ಲದೆಯೂ ಕೇಳುವಂತೆ ಹೇಳಿದ. "ನಾನು ಗೂಳಪ್ಪ, ಬನಹಟ್ಟಿ. ಸತ್ತಿಲ್ಲ. ತಂಗೀ, ಇನ್ನೊಮ್ಮಿ ಬರೂ ಮುಂದ ಫೋನ್ ಹಚ್ಚಿ ಬಾ. ಜಮಖಂಡ್ಯಾಗ ಒಂದು ಗಾಡಿ ರಿಪೇರಿ ಇತ್ತು, ಮಾಡಿ ಮುಗಿಸೇನಿ. ಸಪ್ಪಳ ಪೂರಾ ಬಂದ್ ಆಗೇತಿ."

ಕುಮುದಿನಿ ಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಬಹಳ ಹೊತ್ತಿನಿಂದ ಏನನ್ನೋ ಕೇಳಲೋ ಬೇಡವೋ ಎಂದು ತಡೆದುಕೊಂಡಿದ್ದರು. ಈಗ ತಡೆಯಲಾಗಲಿಲ್ಲ. ಎದುರು ಬಂದು, ಸಂಕೋಚದಿಂದ ಸೆರಗು ಎಳೆದುಕೊಳ್ಳುತ್ತ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು.

"ತಪ್ಪ ತಿಳ್ಕೋಬ್ಯಾಡ್ರಿ... ನಿಮಗ ಕಿವಿ ಕೇಳೂದಿಲ್ಲ. ಮತ್ತ ಸಪ್ಪಳ ಪೂರಾ ಬಂದ್ ಆತು ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

ಮೊಬೈಲು ಇನ್ನೂ ಚಾಲೂ ಇತ್ತು. ಅಂಗಾಲು, ಅಂ​ಗೈ, ನಲವತ್ತು ವರ್ಷದ ಅನುಭವ ಎಂದೆಲ್ಲ ಉತ್ತರ ಬರುತ್ತದೆಂದು ನವೀನ ಗೂಳಪ್ಪನ ಪಾದದ ಕಡೆಗೆ ಕ್ಯಾಮೆರಾ ಇಳಿಸಿದ.

ಗೂಳಪ್ಪ ಬಸಿ ಎತ್ತಿ ಕೊನೆಯ ಗುಟುಕು ಕುಡಿದು, ಗದ್ದದಿಂದ ಲಿಮಯೆ ಸರ್ ಅವರ ಕಡೆ ತೋರಿಸಿದ.

"ಇವರ ಬಾಯಿ ಬಂದ್ ಆತಲ್ರೀ."